38 ಮೀಟರ್: ಮನೆಯ ವರ್ಕ್‌ಶಾಪ್‌ಗೆ ಕರೆಂಟ್ ಎಳೆದ ಒಂದು ಲೆಕ್ಕ

ಇದು ನನ್ನ ವರ್ಕ್‌ಶಾಪ್ ಅಲ್ಲ. ನಾನು ಇದರಲ್ಲಿ ಲೆಕ್ಕ ಬರೆದವನು, ಮೀಟರ್ ಹಿಡಿದವನು, ಒಂದು ತಪ್ಪು ಸಲಹೆಯನ್ನೂ ಕೊಟ್ಟವನು. ಹೆಸರು ಬೇಡ, ಊರೂ ಬೇಡ. ವರ್ಕ್‌ಶಾಪ್ ಕಟ್ಟಿದವರನ್ನು 'ಮಾಲೀಕರು' ಅನ್ನೋಣ. ದುಡ್ಡಿನ ಮೊತ್ತವನ್ನೂ ಬರೆಯುವುದಿಲ್ಲ, ಒಂದು ಕಡೆಯ ದರ ಇನ್ನೊಂದು ಕಡೆ ಇರುವುದಿಲ್ಲ. ಮೊದಲ ಸಲ ಎಲೆಕ್ಟ್ರಿಷಿಯನ್ ಕೊಟ್ಟ ಅಂದಾಜನ್ನು 100 ಅಂತ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸಿ ಹೇಳ್ತೀನಿ. ಕೊನೆಗೆ ಖರ್ಚಾಗಿದ್ದು 337.

ಈ ಸಂಖ್ಯೆ ಕೇಳಿದವರೆಲ್ಲ ಮೊದಲು ಹೇಳೋದು ಒಂದೇ: "ಎಲ್ಲೋ ಮೋಸ ಹೋಗಿದ್ದಾರೆ." ಯಾರೂ ಮೋಸ ಮಾಡಲಿಲ್ಲ. ತಪ್ಪಿನಿಂದ ಆದ ನಷ್ಟ ಅದರಲ್ಲಿ ಸಣ್ಣ ಪಾಲು. ಹಾಗಾದರೆ ಉಳಿದದ್ದು ಎಲ್ಲಿ ಹೋಯ್ತು ಅನ್ನೋದೇ ಈ ಬರಹ.

ಹಿನ್ನೆಲೆ

ಮಾಲೀಕರಿಗೆ ಮರಗೆಲಸದ ಹುಚ್ಚು. ಕೆಲಸ ಬೇರೆ, ಇದು ರಜಾ ದಿನದ ಹವ್ಯಾಸ. ವರ್ಷಗಳ ಕಾಲ ಮನೆಯ ಜಗಲಿಯಲ್ಲೇ ಹಲಗೆ ಕೊಯ್ದು, ಧೂಳು ಅಡುಗೆಮನೆವರೆಗೂ ಹೋಗಿ, ಮನೆಯವರ ತಾಳ್ಮೆ ಮುಗಿದ ಮೇಲೆ ಹಿತ್ತಲಲ್ಲಿ ಒಂದು ಶೆಡ್ ಹಾಕಿಸಿದರು. ಕಬ್ಬಿಣದ ಚೌಕಟ್ಟು, ತಗಡಿನ ಮಾಡು, ಸಿಮೆಂಟ್ ನೆಲ. ಶೆಡ್ ಚೆನ್ನಾಗೇ ಆಯ್ತು. ಅದಕ್ಕೆ ಕರೆಂಟ್ ಬೇಕು ಅನ್ನೋದು ಎಲ್ಲರಿಗೂ ಗೊತ್ತಿತ್ತು, ಆದರೆ ಶೆಡ್‌ನ ಲೆಕ್ಕದಲ್ಲಿ ಅದಕ್ಕೆ ಅಂತ ಇಟ್ಟಿದ್ದು ಒಂದೇ ಸಾಲು: "ವೈರಿಂಗ್, ಇತರೆ."

ನೆಲಕ್ಕೆ ಸಿಮೆಂಟ್ ಹಾಕುವಾಗ ಒಂದು ಪೈಪನ್ನು ಗೋಡೆಯ ಅಡಿಯಿಂದ ಹೊರಗೆ ಬಿಟ್ಟಿದ್ದರೆ ಸಾಕಿತ್ತು. ಯಾರಿಗೂ ಹೊಳೆಯಲಿಲ್ಲ. ಆ ದಿನ ಹತ್ತು ನಿಮಿಷದ ಕೆಲಸವಾಗಿದ್ದದ್ದು ಮುಂದೆ ಅರ್ಧ ದಿನ ತಿಂದಿತು.

ದೂರ ಎಷ್ಟು? ಮಾಲೀಕರು ಜಗಲಿಯಲ್ಲಿ ನಿಂತು ನೋಡಿ "ಇಪ್ಪತ್ತೈದು ಮೀಟರ್ ಇರಬಹುದು" ಅಂದರು. ಕಣ್ಣಿಗೆ ಹಾಗೇ ಕಾಣುತ್ತಿತ್ತು. ಆದರೆ ಕೇಬಲ್ ಹಕ್ಕಿಯ ಹಾಗೆ ಹಾರಿ ಹೋಗುವುದಿಲ್ಲವಲ್ಲ. ಮೀಟರ್ ಬೋರ್ಡ್ ಇರೋದು ಮನೆಯ ಮುಂದುಗಡೆ. ಅಲ್ಲಿಂದ ಗೋಡೆ ಇಳಿದು, ಮೂಲೆ ಸುತ್ತಿ, ಹಿತ್ತಲು ದಾಟಿ, ಶೆಡ್ ಒಳಗೆ ಏರಿ ಬೋರ್ಡ್ ಮುಟ್ಟಬೇಕು. ದಾರ ಹಿಡಿದು ಅಳೆದಾಗ 38 ಮೀಟರ್ ಬಂತು. ಮುಂದಿನ ಪ್ರತಿಯೊಂದು ಲೆಕ್ಕದಲ್ಲೂ ಈ 38 ಬರುತ್ತದೆ.

ಮೊದಲ ಆರು ವಾರ ಎಕ್ಸ್‌ಟೆನ್ಷನ್ ರೀಲ್‌ನಲ್ಲೇ ಕೆಲಸ ನಡೆಯಿತು. 50 ಮೀಟರ್‌ನ ರೀಲ್, ಒಳಗೆ 1.5 ಸ್ಕ್ವೇರ್ ಎಂಎಂ (ತಂತಿಯ ದಪ್ಪದ ಅಳತೆ) ವೈರ್. ಡ್ರಿಲ್‌ಗೆ, ಲೈಟಿಗೆ ತೊಂದರೆ ಇಲ್ಲ. ಟೇಬಲ್ ಸಾ, ಅಂದರೆ ಮೇಜಿನ ಗರಗಸ, 2 ಎಚ್‌ಪಿ ಮೋಟರ್, ಓಡುವಾಗಲೇ ಸುಮಾರು 11 ಆಂಪಿಯರ್ ಎಳೆಯುತ್ತದೆ. ಅದನ್ನು ಹಾಕಿದರೆ ಗುಂಯ್ ಅಂತ ಗೊಣಗಿ, ನಿಧಾನಕ್ಕೆ ತಿರುಗಿ, ಕೆಲವು ಸಲ ತಿರುಗದೇ ನಿಂತು ಬಿಡುತ್ತಿತ್ತು. ಲೆಕ್ಕ ಹಾಕಿದರೆ ಆ ವೈರಿನಲ್ಲಿ ಗರಗಸ ಸುಮ್ನೆ ಓಡುವಾಗಲೇ 16 ವೋಲ್ಟ್ ಕಳೆದುಹೋಗುತ್ತದೆ. ಕಳೆದುಹೋದದ್ದು ಎಲ್ಲಿಗೆ ಹೋಗುತ್ತದೆ? ಶಾಖವಾಗಿ ವೈರಿನಲ್ಲೇ ಉಳಿಯುತ್ತದೆ, ಸುಮಾರು 170 ವ್ಯಾಟ್. ಬಿಚ್ಚದೆ ರೀಲಿನಲ್ಲೇ ಉಳಿದಿದ್ದ ಹತ್ತು ಹನ್ನೆರಡು ಮೀಟರ್ ಸುರುಳಿಗೆ ಗಾಳಿಯಾಡುವುದಿಲ್ಲ. ಒಂದು ದಿನ ಮಾಲೀಕರು ಅದರ ಮೇಲೆ ಕೈಯಿಟ್ಟು ಥಟ್ಟನೆ ತೆಗೆದರು. ಅವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಹೋಯ್ತು.

ಮೊದಲ ಪ್ರಯತ್ನ, ಮತ್ತು ನನ್ನ ತಪ್ಪು

ಮೊದಲ ಎಲೆಕ್ಟ್ರಿಷಿಯನ್ ಕೊಟ್ಟ ಅಂದಾಜು ಹೀಗಿತ್ತು: ಕೇಬಲ್ 38 (ಇದು ಖರ್ಚಿನ ಪಾಲು, ಮೀಟರ್ ಅಲ್ಲ), ಶೆಡ್‌ಗೆ ಒಂದು ಬೋರ್ಡ್ 20, ಒಳಗಿನ ಪಾಯಿಂಟುಗಳು 27, ಕೂಲಿ 15. ಒಟ್ಟು 100. ಅಗೆತ ಇಲ್ಲ, ಕಾಂಪೌಂಡ್ ಗೋಡೆಯ ಮೇಲೇ ಕ್ಲಿಪ್ ಹೊಡೆದು ಕೇಬಲ್ ಎಳೆಯೋದು. ಮನೆಯ ಮೇನ್ ಬೋರ್ಡ್ ಮುಟ್ಟೋದಿಲ್ಲ, ಅಲ್ಲಿ ಖಾಲಿ ಇರುವ ಒಂದು ಜಾಗಕ್ಕೆ 25 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕೋದು, ಅಷ್ಟೇ. ನ್ಯಾಯವಾಗಿ ಹೇಳಬೇಕಂದ್ರೆ ಅವರು "ಅಗೆದು ಹಾಕಿದ್ರೆ ಒಳ್ಳೇದು" ಅಂತ ಒಂದು ಮಾತು ಹೇಳಿದ್ದರು. ಕೇಳಿದವರು ಕೇಳಿಸಿಕೊಳ್ಳಲಿಲ್ಲ.

ಕೇಬಲ್ ಎಷ್ಟು ದಪ್ಪ ಅನ್ನೋ ಪ್ರಶ್ನೆ ಬಂದಾಗ ಮಾಲೀಕರು ನನ್ನನ್ನು ಕೇಳಿದರು. ನಾನು ಪಟ್ಟಿ ನೋಡಿದೆ. 4 ಸ್ಕ್ವೇರ್ ಎಂಎಂ ತಾಮ್ರ, ಗೋಡೆ ಮೇಲೆ ಹಾಕಿದರೆ 30 ಆಂಪಿಯರ್ ಹತ್ತಿರ ಹೊರುತ್ತದೆ. ಗರಗಸ 11, ಧೂಳು ಎಳೆಯುವ ಯಂತ್ರ 6, ಲೈಟು ಫ್ಯಾನು 2, ಒಟ್ಟು 19. "ಧಾರಾಳ ಸಾಕು" ಅಂದೆ. ತಂತಿ ಸುಡುವುದಿಲ್ಲ ಅನ್ನುವ ಮಟ್ಟಿಗೆ ನಾನು ಹೇಳಿದ್ದು ಸರಿಯೇ. ಆದರೆ ಆ ಪಟ್ಟಿಯಲ್ಲಿ ದೂರದ ಕಾಲಂ ಇರಲಿಲ್ಲ, ನಾನೂ ಹುಡುಕಲಿಲ್ಲ.

ಎರಡು ದಿನದಲ್ಲಿ ಕೆಲಸ ಮುಗಿಯಿತು. ಲೈಟು ಹತ್ತಿತು, ಸಂತೋಷವಾಯ್ತು.

ಗರಗಸ ಹಾಕಿದರೆ ರೀಲಿಗಿಂತ ಎಷ್ಟೋ ವಾಸಿ. ಆದರೂ ಶುರುವಾಗೋದಕ್ಕೆ ಎರಡು ಮೂರು ಸೆಕೆಂಡ್ ತಿಣುಕಾಡುತ್ತಿತ್ತು. ನಾಲ್ಕು ಸಲಕ್ಕೆ ಒಂದು ಸಲ ಶೆಡ್‌ನ ಎಂಸಿಬಿ ಬೀಳುತ್ತಿತ್ತು. ಶೆಡ್‌ನಲ್ಲಿ ಎಲ್ಲಕ್ಕೂ ಒಂದೇ ಎಂಸಿಬಿ ಇದ್ದಿದ್ದರಿಂದ ಅದು ಬಿದ್ದರೆ ಲೈಟೂ ಹೋಗುತ್ತಿತ್ತು. ರಾತ್ರಿ ಹೊತ್ತು ಕತ್ತಲಲ್ಲಿ ನಿಂತು, ಇನ್ನೂ ತಿರುಗುತ್ತಿರುವ ಗರಗಸದ ಅಲಗಿನ ಸದ್ದು ಕೇಳಿಸಿಕೊಳ್ಳೋದು ಹೇಗಿರುತ್ತೆ ಅಂತ ಮಾಲೀಕರನ್ನೇ ಕೇಳಬೇಕು. ಅತ್ತ ಮನೆಯೊಳಗೆ ಪ್ರತಿ ಸಲ ಲೈಟು ಮಂಕಾಗಿ ಮತ್ತೆ ಏಳುತ್ತಿತ್ತು. "ಅಪ್ಪ ಗರಗಸ ಹಾಕಿದ್ರು" ಅಂತ ಮಕ್ಕಳು ಹೇಳುವಷ್ಟು ಖಚಿತವಾಗಿ.

ಇಲ್ಲಿ ಸುಲಭದ ದಾರಿ ಒಂದಿತ್ತು: ಎಂಸಿಬಿಯನ್ನು ದೊಡ್ಡದು ಮಾಡೋದು. ಬಹಳ ಜನ ಹಾಗೇ ಮಾಡ್ತಾರೆ. ಎಂಸಿಬಿ ಇರೋದೇ ತಂತಿಯನ್ನು ಕಾಯೋದಕ್ಕೆ. ಅದು ಅಡ್ಡ ಬರ್ತಿದೆ ಅಂತ ದೊಡ್ಡದು ಹಾಕಿದರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. ಅದೃಷ್ಟಕ್ಕೆ ಮಾಲೀಕರು ಅಲ್ಲಿ ನಿಂತರು. ಎರಡನೆಯ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದರು. ಇವರು ಹಿರಿಯರು, ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು.

ಅಳತೆ ತೆಗೆದ ಮಧ್ಯಾಹ್ನ

ಅವರು ಬಂದವರು ಇಕ್ಕಳ ತೆಗೆಯಲಿಲ್ಲ, ಕ್ಲ್ಯಾಂಪ್ ಮೀಟರ್ ತೆಗೆದರು, ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವಂಥದ್ದು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಏನೂ ಓಡದೇ ಇರುವಾಗ ಮನೆಯ ಬೋರ್ಡ್‌ನಲ್ಲೂ ಶೆಡ್‌ನಲ್ಲೂ 228 ವೋಲ್ಟ್. ಗರಗಸ, ಧೂಳಿನ ಯಂತ್ರ, ಲೈಟು ಎಲ್ಲ ಓಡುವಾಗ ಮನೆಯ ಬೋರ್ಡ್‌ನಲ್ಲಿ 224, ಶೆಡ್‌ನಲ್ಲಿ 216. ಕೇಬಲ್ 8 ವೋಲ್ಟ್ ತಿನ್ನುತ್ತಿದೆ. ಇದೇನೂ ಅನಾಹುತವಲ್ಲ.

ಅನಾಹುತ ಇದ್ದದ್ದು ಮೊದಲ ಎರಡು ಸೆಕೆಂಡಿನಲ್ಲಿ. ಇಂಡಕ್ಷನ್ ಮೋಟರ್ ನಿಂತ ಸ್ಥಿತಿಯಿಂದ ಏಳುವಾಗ ಓಡುವ ಕರೆಂಟಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. ಮೀಟರ್‌ನಲ್ಲಿ ಆ ಕ್ಷಣದ ಕರೆಂಟ್ 60 ಆಂಪಿಯರ್ ಆಸುಪಾಸು ಬಂತು. ಆಗ ಮನೆಯ ಬೋರ್ಡ್‌ನಲ್ಲಿ 214, ಶೆಡ್‌ನಲ್ಲಿ 189. ಮೋಟರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತದೆ. 230ಕ್ಕೆ ಮಾಡಿದ ಮೋಟರಿಗೆ 189 ಕೊಟ್ಟರೆ ಬಲದಲ್ಲಿ ಮೂರನೇ ಒಂದು ಪಾಲು ಮಾಯ. ಬಲ ಕಡಿಮೆಯಾದರೆ ಏಳೋದು ನಿಧಾನ, ನಿಧಾನವಾದಷ್ಟೂ ಹೆಚ್ಚು ಹೊತ್ತು 60 ಆಂಪಿಯರ್, ಅಷ್ಟು ಹೊತ್ತೂ ಸ್ಟಾರ್ಟಿಂಗ್ ಕೆಪಾಸಿಟರ್‌ಗೆ ಬಿಸಿ. ಗೊಣಗಾಟಕ್ಕೆ ಕಾರಣ ಸಿಕ್ಕಿತು.

ಎಂಸಿಬಿ ಬೀಳೋದಕ್ಕೂ ಅಲ್ಲೇ ಉತ್ತರ ಇತ್ತು. ಹಾಕಿದ್ದು ಬಿ ವರ್ಗದ 16 ಆಂಪಿಯರ್. ಬಿ ವರ್ಗದ್ದು ತನ್ನ ಅಳತೆಯ ಮೂರರಿಂದ ಐದು ಪಟ್ಟು ಕರೆಂಟ್ ಬಂದರೆ ತಕ್ಷಣ ಬೀಳುತ್ತದೆ. ಅಂದರೆ 48ರಿಂದ 80ರ ನಡುವೆ ಎಲ್ಲೋ. ನಮ್ಮ 60 ಸರಿಯಾಗಿ ಆ ಸಂದಿಯಲ್ಲಿ ಕೂತಿತ್ತು, ಅದಕ್ಕೇ ಒಂದು ಸಲ ಬೀಳುತ್ತೆ, ಮೂರು ಸಲ ಬೀಳಲ್ಲ. ಮೋಟರ್‌ಗಳಿಗೆ ಅಂತಲೇ ಇರುವ ಸಿ ವರ್ಗದ್ದು ಐದರಿಂದ ಹತ್ತು ಪಟ್ಟಿಗೆ ಬೀಳುತ್ತದೆ. ಅದೇ 16 ಆಂಪಿಯರ್, ಅಕ್ಷರ ಮಾತ್ರ ಬೇರೆ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಇಲ್ಲಿವರೆಗೆ ಎಲ್ಲ ಕೇಬಲ್ ಕಥೆ. ಆದರೆ ಹಿರಿಯರು ಒಂದು ಸಂಖ್ಯೆಯ ಮೇಲೆ ಬೆರಳಿಟ್ಟರು: "ಮನೆ ಬೋರ್ಡ್‌ನಲ್ಲೇ 14 ವೋಲ್ಟ್ ಬೀಳ್ತಿದೆ. ಇದು ನಿಮ್ಮ ಹೊಸ ಕೇಬಲ್‌ನ ತಪ್ಪಲ್ಲ." ಮೇನ್ ಆಫ್ ಮಾಡಿ, ಹೊರಗಿನಿಂದ ಬರುವ ಲೈನನ್ನೂ ಕಳಚಿಸಿ, ಹಳೆಯ ಮೇನ್ ಬೋರ್ಡ್ ಬಿಚ್ಚಿದರು. ನ್ಯೂಟ್ರಲ್ ಕೂಡುವ ಜಾಗದಲ್ಲಿ ಒಂದು ಸ್ಕ್ರೂ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತಿತ್ತು. ಸಡಿಲ ಜೋಡಣೆ. ಎಷ್ಟು ವರ್ಷದ್ದೋ ಏನೋ. ಮನೆಯ ಲೈಟು ಫ್ಯಾನಿಗೆ ಅದು ಸದ್ದಿಲ್ಲದೆ ಇತ್ತು, ಶೆಡ್ ಸೇರಿಕೊಂಡ ಮೇಲೆ ಬೇಯಲು ಶುರುವಾಗಿತ್ತು. ಬದಲಾಯಿಸಿದ ಮೇಲಿನ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಆ ಹಳೆಯ ಬೋರ್ಡ್‌ನ ಜೋಡಣೆಗಳಲ್ಲಿ ಹೆಚ್ಚಾಗಿ ಇದ್ದ ತಡೆ 0.08 ಓಮ್. ಕೇಳೋದಕ್ಕೆ ಏನೂ ಅಲ್ಲ. ಆದರೆ 19 ಆಂಪಿಯರ್ ಹರಿದಾಗ 29 ವ್ಯಾಟ್ ಶಾಖ. ಗೋಡೆಯೊಳಗೆ ಒಂದು ಸಣ್ಣ ಸಾಲ್ಡರಿಂಗ್ ಐರನ್ ಹಚ್ಚಿಟ್ಟ ಹಾಗೆ.

ಲೈಟು ಮಂಕಾಗೋದನ್ನು ನಾವು ಕಿರಿಕಿರಿ ಅಂದುಕೊಂಡಿದ್ದೆವು. ಅದು ಎಚ್ಚರಿಕೆಯಾಗಿತ್ತು.

ಇನ್ನೊಂದು ಬಾಕಿ ಇತ್ತು. ಶೆಡ್‌ಗೆ ಎಳೆದಿದ್ದು ಎರಡು ಕೋರ್‌ನ ಕೇಬಲ್, ಫೇಸ್ ಮತ್ತು ನ್ಯೂಟ್ರಲ್ ಮಾತ್ರ. ಅರ್ಥ್‌ಗೆ ಶೆಡ್ ಪಕ್ಕ ಒಂದು ರಾಡ್ ಹೊಡೆದಿದ್ದರು. ಅಳೆದರೆ 14 ಓಮ್ ಬಂತು. ರಾಡ್ ಮಟ್ಟಿಗೆ ಇದು ಕೆಟ್ಟದ್ದೇನಲ್ಲ. ಆದರೆ ಗರಗಸದ ಕಬ್ಬಿಣದ ಮೈಗೆ ಫೇಸ್ ತಾಗಿತು ಅಂತ ಇಟ್ಟುಕೊಳ್ಳಿ. 230ನ್ನು 14ರಿಂದ ಭಾಗಿಸಿದರೆ ಮಣ್ಣಿಗೆ ಹರಿಯೋದು 16 ಆಂಪಿಯರ್. ಮನೆಯ ಕಡೆಯ 25 ಆಂಪಿಯರ್ ಎಂಸಿಬಿ ಅದನ್ನು ಒಂದು ಸಾಮಾನ್ಯ ಲೋಡ್ ಅಂತ ತಿಳಿದು ಸುಮ್ಮನಿರುತ್ತದೆ. ಶೆಡ್‌ನ 16 ಆಂಪಿಯರಿನದೂ ಆ ಕರೆಂಟಿಗೆ ಬೀಳುವುದಿಲ್ಲ. ಗರಗಸದ ಮೈ, ಅದು ತಾಗಿರುವ ಶೆಡ್‌ನ ಚೌಕಟ್ಟು ಎಲ್ಲ ಕರೆಂಟ್ ಹೊತ್ತುಕೊಂಡೇ ನಿಂತಿರುತ್ತದೆ. ಆರ್‌ಸಿಸಿಬಿ ಅನ್ನೋ ಸೋರಿಕೆ ಹಿಡಿಯುವ ಸ್ವಿಚ್ ಇದ್ದಿದ್ದರೆ ಕಾಪಾಡುತ್ತಿತ್ತು, ಅದು 30 ಮಿಲಿ ಆಂಪಿಯರ್ ಸೋರಿದರೂ ಕಡಿಯುತ್ತದೆ. ಶೆಡ್‌ನಲ್ಲಿ ಅದೂ ಇರಲಿಲ್ಲ. ರಾಡ್ ಇದೆ, ಅರ್ಥ್ ಆಯ್ತು ಅಂದುಕೊಂಡು ನಾವೆಲ್ಲ ಎರಡು ತಿಂಗಳು ಆ ಗರಗಸ ಮುಟ್ಟಿದ್ದೆವು.

ಆವತ್ತು ಸಂಜೆಯಿಂದ ಶೆಡ್‌ನ ಕೇಬಲ್ ಕಳಚಿಟ್ಟರು. ಮತ್ತೆ ಹಾಕುವವರೆಗೆ ಒಂಬತ್ತು ವಾರ ಹಿಡಿಯಿತು.

ಒಂಬತ್ತು ವಾರದಲ್ಲಿ ಆದ ತೀರ್ಮಾನಗಳು

ಮೊದಲ ಪ್ರಶ್ನೆ: ಶೆಡ್‌ಗೆ ಬೇರೆ ಕನೆಕ್ಷನ್ ತಗೊಂಡು ಬಿಡೋಣವೇ? ಆಸೆ ಹುಟ್ಟಿಸುವ ವಿಚಾರ. ಮನೆಯ ಹಳೆಯ ಬೋರ್ಡ್‌ನ ಗೊಡವೆ ಇಲ್ಲ, ತ್ರೀ ಫೇಸ್ ಸಿಗುತ್ತದೆ. ವಿಚಾರಿಸಿದಾಗ ಕಂಬ, ಲೈನು, ಡಿಪಾಸಿಟ್ ಎಲ್ಲ ಸೇರಿ 410 ಬಂತು. ಅದರ ಜೊತೆ ಬಳಸಲಿ ಬಿಡಲಿ ಪ್ರತಿ ತಿಂಗಳೂ ಸ್ಥಿರ ಶುಲ್ಕ. ರಜಾ ದಿನದಲ್ಲಿ ಮಾತ್ರ ಹಲಗೆ ಕೊಯ್ಯುವವರಿಗೆ ಇದು ದುಬಾರಿ. ಒಂದು ಸಲದ ಖರ್ಚನ್ನು ಹೇಗೋ ನುಂಗಬಹುದು, ಮುಗಿಯದ ಖರ್ಚನ್ನು ಕಷ್ಟ. ಬಿಟ್ಟರು.

ತ್ರೀ ಫೇಸ್ ಬೇಕು ಅನ್ನಿಸಿದ್ದಕ್ಕೆ ಒಂದು ಕಾರಣವೂ ಇತ್ತು. ಒಂದು ಹಳೆಯ ಪ್ಲೇನರ್, ಅಂದರೆ ಹಲಗೆ ನಯ ಮಾಡುವ ಯಂತ್ರ, ಅಗ್ಗಕ್ಕೆ ಸಿಗೋದಿತ್ತು, 2.2 ಕಿಲೋವ್ಯಾಟ್, ತ್ರೀ ಫೇಸ್ ಮೋಟರ್. ಹಿರಿಯರು ಮೋಟರಿನ ಮೇಲೆ ವಿವರ ಬರೆದಿರುವ ತಗಡು ನೋಡಿ ಬನ್ನಿ ಅಂದರು. ಅದರ ಮೇಲೆ 230/400 ಅಂತ ಇತ್ತು. ಅಂದರೆ ಡೆಲ್ಟಾ ಜೋಡಣೆಯಲ್ಲಿ 230ಕ್ಕೆ ಓಡುತ್ತದೆ. ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡುವ ಡ್ರೈವ್ ಸಿಗುತ್ತದೆ, ವಿಎಫ್‌ಡಿ ಅಂತಾರೆ. ಅದನ್ನು ಹಾಕಿದರೆ ಮೋಟರ್ ಮೆಲ್ಲಗೆ ಏಳುತ್ತದೆ, ಐದಾರು ಪಟ್ಟು ಕರೆಂಟಿನ ಧಕ್ಕೆಯೇ ಇಲ್ಲ. 2.2 ಕಿಲೋವ್ಯಾಟಿನ ಪ್ಲೇನರ್ ಲೈನಿಗೆ 1.5 ಕಿಲೋವ್ಯಾಟಿನ (2 ಎಚ್‌ಪಿ) ಗರಗಸಕ್ಕಿಂತ ಮೃದು ಆಗಿಬಿಟ್ಟಿತು! ಡ್ರೈವ್‌ನ ಬೆಲೆ ಈ ಲೆಕ್ಕದಲ್ಲಿ ಸೇರಿಸಿಲ್ಲ, ಅದನ್ನು ಯಂತ್ರದ ಖಾತೆಗೆ ಬರೆದಿದ್ದೇನೆ.

ಎರಡನೆಯದು: ಎಷ್ಟು ಲೋಡ್? ಎಲ್ಲ ಯಂತ್ರಗಳ ತಗಡು ನೋಡಿ ಕೂಡಿದರೆ 7 ಕಿಲೋವ್ಯಾಟ್ ದಾಟಿತು. ಮನೆಯ ಕನೆಕ್ಷನ್‌ಗೆ ಮಂಜೂರಾಗಿದ್ದ ಲೋಡ್ 5. ಆದರೆ ಕೆಲಸ ಮಾಡೋದು ಒಬ್ಬರೇ ಅಲ್ವಾ? ಗರಗಸದ ಮುಂದೆ ನಿಂತವರು ಪ್ಲೇನರ್ ಮುಂದೆ ನಿಲ್ಲೋಕಾಗಲ್ಲ. ಮಾಲೀಕರು ಒಂದು ಹಾಳೆಯಲ್ಲಿ ಯಾವುದರ ಜೊತೆ ಯಾವುದು ಓಡುತ್ತದೆ ಅಂತ ಬರೆದರು. ಧೂಳಿನ ಯಂತ್ರ ಎಲ್ಲದರ ಜೊತೆ. ಲೈಟು ಎಲ್ಲದರ ಜೊತೆ. ದೊಡ್ಡ ಯಂತ್ರ ಒಂದು ಸಲಕ್ಕೆ ಒಂದೇ. ಬರೆದು ಮುಗಿಸಿ ಖುಷಿಯಾಗಿ ಕೂತಾಗ ಅವರ ಮಗಳು ಕೇಳಿದಳು, "ಕಂಪ್ರೆಸರ್ ಅದರಷ್ಟಕ್ಕೆ ಅದೇ ಶುರುವಾಗುತ್ತಲ್ಲ, ಅದು?"

ಹೌದು. ಗಾಳಿ ಒತ್ತಿ ಟ್ಯಾಂಕ್ ತುಂಬುವ ಕಂಪ್ರೆಸರ್‌ಗೆ ಯಾರ ಅಪ್ಪಣೆಯೂ ಬೇಕಿಲ್ಲ. ಟ್ಯಾಂಕ್‌ನಲ್ಲಿ ಒತ್ತಡ ಇಳಿದರೆ ತಾನೇ ಏಳುತ್ತದೆ, ನೀವು ಪ್ಲೇನರ್‌ಗೆ ಹಲಗೆ ತಳ್ಳುತ್ತಿರುವಾಗಲೇ ಏಳುತ್ತದೆ. ಅದನ್ನು ಸೇರಿಸಿದರೆ ಶೆಡ್ ಒಂದೇ ಲೈನಿನಿಂದ ಸುಮಾರು 6 ಕಿಲೋವ್ಯಾಟ್ ಎಳೆಯುತ್ತಿತ್ತು. ಪರಿಹಾರ ಬಹಳ ಸರಳವಾಗಿತ್ತು. ಒಂದು ಚೇಂಜ್‌ಓವರ್ ಸ್ವಿಚ್. ಈ ಕಡೆ ಹಾಕಿದರೆ ಕಂಪ್ರೆಸರ್, ಆ ಕಡೆ ಹಾಕಿದರೆ ಪ್ಲೇನರ್. ಎರಡೂ ಒಟ್ಟಿಗೆ ಸಾಧ್ಯವೇ ಇಲ್ಲ. ಇದರಿಂದ ಶೆಡ್‌ನ ಬೇಡಿಕೆ 4 ಕಿಲೋವ್ಯಾಟಿಗೆ ಇಳಿಯಿತು, ಮನೆಯ 4 ಸೇರಿ 8ಕ್ಕೆ ಅರ್ಜಿ ಹಾಕಿದರು. ಲೋಡ್ ಹೆಚ್ಚಿಸೋದಕ್ಕೆ ಆದ ಖರ್ಚು 19. ಒಂದು ಸಣ್ಣ ಸ್ವಿಚ್ ಮತ್ತು ಒಂದು ಹುಡುಗಿಯ ಪ್ರಶ್ನೆ ಇಲ್ಲದಿದ್ದರೆ ಇದು ಜಾಸ್ತಿಯೇ ಆಗುತ್ತಿತ್ತು.

ಮೂರನೆಯದು ಕೇಬಲ್. ಈ ಸಲ ನಾನು ದೂರ ಸೇರಿಸಿ ಲೆಕ್ಕ ಹಾಕಿದೆ. ಗರಗಸ ಏಳುವ 60 ಆಂಪಿಯರಿಗೆ, 38 ಮೀಟರಿಗೆ, 4 ಸ್ಕ್ವೇರ್ ಎಂಎಂ ಕೇಬಲ್ 25 ವೋಲ್ಟ್ ತಿಂದರೆ, 6ರದ್ದು 17, 10ರದ್ದು 10, 16ರದ್ದು 6. ಆರರಿಂದ ಹತ್ತಕ್ಕೆ ಹೋದರೆ 7 ವೋಲ್ಟ್ ಲಾಭ. ಹತ್ತರಿಂದ ಹದಿನಾರಕ್ಕೆ ಹೋದರೆ 4 ಮಾತ್ರ, ಅದಕ್ಕೆ ಇನ್ನೂ 40 ಕೊಡಬೇಕು. ಅಷ್ಟರ ಹೊತ್ತಿಗೆ ಮನೆಯ ಕಡೆಯ ಇಳಿತ ಕೇಬಲ್ ಇಳಿತಕ್ಕೆ ಸಮ ಆಗಿರುತ್ತದೆ, ಕೇಬಲ್ ಮೇಲೆ ದುಡ್ಡು ಸುರಿದು ಪ್ರಯೋಜನ ಕಡಿಮೆ. 10ಕ್ಕೆ ನಿಂತೆವು. ಮೂರು ಕೋರ್, ಆರ್ಮರ್ಡ್ (ಲೋಹದ ಕವಚ ಇರುವುದು), ತಾಮ್ರ. ಬೆಲೆ 78.

ಅಲ್ಯೂಮಿನಿಯಂ ತಗೊಳ್ಳಬಹುದಿತ್ತಾ? 16 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಹೆಚ್ಚುಕಡಿಮೆ 10ರ ತಾಮ್ರಕ್ಕೆ ಸಮ, ಬೆಲೆ ಅರ್ಧದಷ್ಟಿತ್ತು. ಮಾಲೀಕರು ಹೆದರಿದರು, ಸುಟ್ಟ ನ್ಯೂಟ್ರಲ್ ನೋಡಿದ ಮೇಲೆ ಜೋಡಣೆಯ ವಿಷಯದಲ್ಲಿ ಯಾವ ಅಪಾಯವೂ ಬೇಡ ಅಂದರು. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪದರ ಕೂರುತ್ತದೆ, ತಾಮ್ರಕ್ಕೆ ನೇರ ತಾಗಿಸಿದರೆ ಜೋಡಣೆ ಕೆಡುತ್ತದೆ, ನಿಜ. ಆದರೆ ಅದಕ್ಕೆ ಅಂತಲೇ ಬೈಮೆಟಲ್ ಲಗ್ (ಎರಡು ಲೋಹ ಕೂಡಿಸುವ ತುದಿ) ಇದೆ, ಪೇಸ್ಟ್ ಇದೆ, ಮತ್ತು ಇಲ್ಲಿ ಇದ್ದದ್ದು ಬರೀ ಎರಡು ತುದಿ. ಈಗ ಕೇಳಿದರೆ ನಾನು ಅಲ್ಯೂಮಿನಿಯಂ ಅಂತೀನಿ. 40ರ ಹತ್ತಿರ ಉಳಿಯುತ್ತಿತ್ತು. ಮಾಲೀಕರು ಇದನ್ನು ಒಪ್ಪೋದಿಲ್ಲ, ಅವರ ದುಡ್ಡು, ಅವರ ನಿದ್ದೆ.

ಮಣ್ಣು

ಅಗೆತದ ಬಗ್ಗೆ ಯಾರೂ ಬರೆಯೋದಿಲ್ಲ. ಅದರಲ್ಲಿ ಲೆಕ್ಕ ಇಲ್ಲ, ಬೆನ್ನು ನೋವು ಮಾತ್ರ ಇದೆ. ಆದರೆ ಈ ಪ್ರಕರಣದಲ್ಲಿ ಕೇಬಲ್ ಬಿಟ್ಟರೆ ದೊಡ್ಡ ಖರ್ಚು ಅದೇ: 46.

ಮುಕ್ಕಾಲು ಮೀಟರ್ ಆಳ ಅಂತ ತೀರ್ಮಾನವಾಯ್ತು. ಮೇಲೆ ಮುಂದೆ ಗಿಡ ನೆಡಬಹುದು, ಗುದ್ದಲಿ ಬೀಳಬಹುದು. ಮೊದಲ ಎರಡು ವಾರ ಮಾಲೀಕರೇ ಅಗೆದರು, 11 ಮೀಟರ್ ಆಯ್ತು, ಆಮೇಲೆ ಕೂಲಿಗೆ ಇಬ್ಬರನ್ನು ಕರೆದರು. ಇಪ್ಪತ್ತನೇ ಮೀಟರ್ ದಾಟಿದ ಮೇಲೆ ಪಿಕಾಸಿ ನೀರಿನ ಪೈಪಿಗೆ ಬಿತ್ತು. ಪೈಪ್ ಅಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ತೋಡು ಕೆರೆಯಾಯ್ತು, ಒಂದು ದಿನ ಕೆಲಸ ನಿಂತಿತು, ರಿಪೇರಿ ಖರ್ಚು ಆ 46ರ ಒಳಗೇ ಇದೆ. ನಡೆದಾಡುವ ಸಿಮೆಂಟ್ ಹಾದಿಯನ್ನು ಒಡೆಯದೆ ಅದರ ಅಡಿಯಿಂದ ಪೈಪ್ ತೂರಿಸಿದರು. ಶೆಡ್‌ನ ನೆಲದಲ್ಲಿ ಮಾತ್ರ ಒಡೆಯಲೇಬೇಕಾಯ್ತು. ಆಗ ಪೈಪ್ ಬಿಡದಿದ್ದದ್ದಕ್ಕೆ ಸಂದ ದಂಡ.

ತೋಡಿನ ತಳಕ್ಕೆ ಮರಳು, ಅದರ ಮೇಲೆ ಕೇಬಲ್, ಮತ್ತೆ ಮರಳು, ಒಂದಡಿ ಮಣ್ಣು, ಎಚ್ಚರಿಕೆಯ ಟೇಪ್, ಉಳಿದ ಮಣ್ಣು. ಕೇಬಲ್‌ನಿಂದ ಸ್ವಲ್ಪ ದೂರದಲ್ಲಿ ಒಂದು ಖಾಲಿ ಪೈಪನ್ನೂ ಹಾಕಿದರು, ಒಳಗೆ ನೈಲಾನ್ ಹಗ್ಗ ಬಿಟ್ಟು ಎರಡೂ ತುದಿಗೆ ಮುಚ್ಚಳ. ಮುಂದೆ ಇಂಟರ್‌ನೆಟ್ ವೈರೋ ಇನ್ನೇನೋ ಎಳೆಯಬೇಕಂದ್ರೆ ಅಗೆಯೋದು ಬೇಡ. ಪೈಪ್, ಮರಳು, ಟೇಪ್ ಎಲ್ಲ ಸೇರಿ 14.

ಉಳಿದದ್ದು ಬೇಗ ಹೇಳ್ತೀನಿ. ಮನೆಯ ಮೇನ್ ಬೋರ್ಡ್ ಹೊಸದು, 33. ಅರ್ಥ್ ಸರಿಪಡಿಸಿದ್ದು 11: ಮನೆಯ ಅರ್ಥ್ ಈಗ ಕೇಬಲ್‌ನ ಮೂರನೇ ಕೋರ್‌ನಲ್ಲಿ ಶೆಡ್‌ಗೆ ಬರುತ್ತದೆ, ರಾಡ್ ಜೊತೆಗಿದೆ. ಶೆಡ್‌ನ ಬೋರ್ಡ್‌ನಲ್ಲಿ ಸಿ ವರ್ಗದ ಎಂಸಿಬಿ, ಯಂತ್ರಗಳಿಗೂ ಲೈಟಿಗೂ ಬೇರೆ ಬೇರೆ 30 ಮಿಲಿ ಆಂಪಿಯರಿನ ರಕ್ಷಣೆ, ಆ ಚೇಂಜ್‌ಓವರ್ ಸ್ವಿಚ್, ಎಲ್ಲ ಸೇರಿ 12. ಈಗ ಗರಗಸ ಏನೇ ಮಾಡಿಕೊಂಡರೂ ಲೈಟು ಹೋಗೋದಿಲ್ಲ. ಕೂಲಿ 24.

ಏನಾಯಿತು

ಅದೇ ಮೀಟರ್, ಅದೇ ಗರಗಸ. ಏಳುವಾಗ ಮನೆಯ ಬೋರ್ಡ್‌ನಲ್ಲಿ 214 ಇದ್ದದ್ದು 219 ಆಯ್ತು, ಅದು ಹೊಸ ಬೋರ್ಡ್‌ನ ಲಾಭ, ಕೇಬಲ್‌ನದ್ದಲ್ಲ. ಶೆಡ್‌ನಲ್ಲಿ 189 ಇದ್ದದ್ದು 209. ಗೊಣಗಾಟ ಇಲ್ಲ, ಒಂದು ಸೆಕೆಂಡಿನೊಳಗೆ ಪೂರ್ತಿ ವೇಗ. ಮನೆಯ ಲೈಟು ಗಮನವಿಟ್ಟು ನೋಡಿದರೆ ಈಗಲೂ ಕೊಂಚ ಅಲುಗುತ್ತದೆ. ಹೊರಗಿನ ಲೈನಿನ ತಡೆ ನಮ್ಮ ಕೈಲಿಲ್ಲ.

ಎರಡನೇ ಸುತ್ತಿನ ಒಟ್ಟು 237, ಮೊದಲಿನ 100 ಸೇರಿ 337. ನಾನು ಕೂತು ವ್ಯರ್ಥವಾದದ್ದೆಷ್ಟು ಅಂತ ಬೇರೆ ಮಾಡಿದೆ. 4 ಸ್ಕ್ವೇರ್ ಎಂಎಂ ಕೇಬಲ್‌ನಲ್ಲಿ ಒಂದು ಭಾಗವನ್ನು ಶೆಡ್ ಒಳಗೆ ಯಂತ್ರಗಳ ಸಾಕೆಟ್‌ಗೆ ಬಳಸಿಕೊಂಡೆವು, ಉಳಿದ 26ರಷ್ಟು ಬೆಲೆಯದ್ದು ಸುತ್ತಿಟ್ಟಿದೆ. ಮೊದಲ ಕೂಲಿ 15 ಹೋಯ್ತು. ಬೋರ್ಡ್‌ನಲ್ಲಿ ತೆಗೆದು ಹಾಕಿದ್ದು 6. ಒಟ್ಟು 47.

ಅಂದರೆ ಮೊದಲ ದಿನವೇ ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ 290 ಆಗುತ್ತಿತ್ತು. ಮಾಲೀಕರು ಇದನ್ನು ಒಪ್ಪಿಕೊಳ್ಳೋಕೆ ಹೊತ್ತು ತಗೊಂಡರು. ಅವರ ಮನಸ್ಸಿನಲ್ಲಿ "100ರ ಕೆಲಸ ಕೆಟ್ಟು 337 ಆಯ್ತು" ಅಂತ ಕೂತಿತ್ತು. 100ರ ಕೆಲಸ ಅನ್ನೋದು ಯಾವತ್ತೂ ಇರಲಿಲ್ಲ. ಆ 100ರಲ್ಲಿ ಮಣ್ಣು ಇರಲಿಲ್ಲ, ಹಳೆಯ ಬೋರ್ಡ್ ಇರಲಿಲ್ಲ, ಸರಿಯಾದ ಅರ್ಥ್ ಇರಲಿಲ್ಲ, ಮಂಜೂರಾತಿ ಇರಲಿಲ್ಲ. ಕೇಳಿದ್ದು ತಂತಿಯ ಬೆಲೆ, ಸಿಕ್ಕಿದ್ದೂ ತಂತಿಯ ಬೆಲೆ. ಈಗ ಯಾರಾದರೂ ಶೆಡ್ ಕಟ್ಟುತ್ತೇನೆ ಅಂದರೆ ನಾನು ಕೇಳೋದು ಮೂರು ವಿಷಯ: ದಾರ ಹಿಡಿದು ಅಳೆದಿದ್ದೀರಾ, ಮನೆಯ ಮೇನ್ ಬೋರ್ಡ್ ಬಿಚ್ಚಿ ನೋಡಿದವರು ಯಾರು, ಮತ್ತು ಯಾವ ಯಂತ್ರ ತನ್ನಷ್ಟಕ್ಕೆ ತಾನೇ ಶುರುವಾಗುತ್ತದೆ. ಕೇಬಲ್ ಎಷ್ಟು ದಪ್ಪ ಅನ್ನೋದು ಆಮೇಲೆ. ಅದನ್ನು ನಾನು ಮೊದಲು ನೋಡಿದ್ದಕ್ಕೇ ತಪ್ಪಿದ್ದು.

ನೆಲದ ಸಿಮೆಂಟ್ ಹಾಕುವ ಮೊದಲು ಈ ಮೂರಕ್ಕೂ ಉತ್ತರ ಸಿಕ್ಕಿದ್ದರೆ ಮಾಲೀಕರು ಶೆಡ್ ಅನ್ನೇ ಹಿತ್ತಲಿನ ಇನ್ನೊಂದು ಮೂಲೆಗೆ, ಮೀಟರ್ ಬೋರ್ಡ್ ಇರುವ ಬದಿಗೆ ಹಾಕಿಸುತ್ತಿದ್ದರಂತೆ. ಅಲ್ಲಿಂದ ದಾರಿ 15 ಮೀಟರ್. ಆಗ 4 ಸ್ಕ್ವೇರ್ ಎಂಎಂ ನಿಜಕ್ಕೂ ಸಾಕಿತ್ತು, ನನ್ನ ಸಲಹೆಯೂ ಸರಿಯಾಗಿಬಿಡುತ್ತಿತ್ತು.

ಶೆಡ್‌ನ ಬೋರ್ಡ್ ಬಾಗಿಲ ಒಳಬದಿಗೆ ಈಗ ಒಂದು ಹಾಳೆ ಅಂಟಿಸಿದೆ. ಕೇಬಲ್ ಎಲ್ಲೆಲ್ಲಿ ಹೋಗಿದೆ, ಕಾಂಪೌಂಡ್ ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ, ಖಾಲಿ ಪೈಪ್ ಯಾವ ಬದಿಗಿದೆ ಅಂತ ಮಾಲೀಕರ ಮಗಳು ಚಿತ್ರ ಬಿಡಿಸಿದ್ದಾಳೆ. ನೀರಿನ ಪೈಪ್ ಅಡ್ಡ ಬಂದ ಜಾಗಕ್ಕೆ ಕೆಂಪು ಶಾಯಿಯಲ್ಲಿ ಒಂದು ಪಿಕಾಸಿ.